ಶಿಕ್ಷಕರಿಗೆ ‘ಉಚಿತ’ ಎಐ: ಬಿಲ್ ಕಟ್ಟೋರು ಯಾರು?

ಕಳೆದ ವರ್ಷ ಹತ್ತನೇ ತರಗತಿಯ ಕಿರುಪರೀಕ್ಷೆಯಲ್ಲಿ ನಾನೊಂದು ತಪ್ಪು ಮಾಡಿದೆ. ‘ವಾಹನಗಳಲ್ಲಿ ಹಿನ್ನೋಟದ ಕನ್ನಡಿಯಾಗಿ ಬಳಸುವ ದರ್ಪಣ ಯಾವುದು?’ ಅನ್ನೋದು ಪ್ರಶ್ನೆ. ಸರಿ ಉತ್ತರ ಪೀನ ದರ್ಪಣ. ನನ್ನ ಕೀ ಉತ್ತರದಲ್ಲಿ ನಿಮ್ನ ದರ್ಪಣ ಅಂತಿತ್ತು. ಪ್ರಶ್ನೆಪತ್ರಿಕೆ, ಕೀ ಉತ್ತರ ಎರಡನ್ನೂ ಹಿಂದಿನ ರಾತ್ರಿ ಒಂದು ಉಚಿತ ಎಐ ಚಾಟ್‌ಬಾಟ್ ಹತ್ತಿರ ಬರೆಸಿದ್ದೆ. ಬಹುಆಯ್ಕೆ ಪ್ರಶ್ನೆಗಳು, 62 ಪತ್ರಿಕೆಗಳು. ಅ, ಆ, ಇ ಅಂತ ಅಕ್ಷರ ಹೊಂದಿಸುತ್ತಾ ಟಿಕ್ ಹಾಕಿಕೊಂಡು ಹೋದೆ. ಸರಿಯಾಗಿ ಬರೆದ ಮಕ್ಕಳಿಗೆಲ್ಲ ಒಂದೊಂದು ಅಂಕ ಹೋಯಿತು.

ಮರುದಿನ ಒಬ್ಬ ಹುಡುಗಿ ಪೇಪರ್ ಹಿಡಿದು ಬಂದಳು. “ಸರ್, ನಮ್ಮಪ್ಪನ ಟಾಟಾ ಏಸ್ ಕನ್ನಡೀಲಿ ಹಿಂದಿನ ಲಾರಿ ಚಿಕ್ಕದಾಗಿ, ನೆಟ್ಟಗೆ ಕಾಣ್ತದೆ. ಎಷ್ಟು ದೂರ ಇದ್ರೂ ಹಂಗೇ. ನಿಮ್ನ ದರ್ಪಣದಲ್ಲಿ ಹಂಗಾಗಲ್ಲ ಅಂತ ನೀವೇ ಹೇಳಿದ್ರಲ್ಲ?”

ಹೇಳಿದ್ದೆ. ಆ ಪಾಠವನ್ನ ಐದು ವರ್ಷದಿಂದ ಮಾಡ್ತಿದ್ದೇನೆ. ಆದರೂ ಕೀ ಉತ್ತರವನ್ನು ಓದದೆ ನಂಬಿದೆ. ಯಾಕಂದ್ರೆ ಆಗ ರಾತ್ರಿ ಹನ್ನೊಂದಾಗಿತ್ತು. ನಾನು ಸರ್ಕಾರಿ ಪ್ರೌಢಶಾಲೆಯೊಂದರ ಅತಿಥಿ ಶಿಕ್ಷಕ. ವಿಜ್ಞಾನದ ಜೊತೆ ಖಾಲಿ ಇರೋ ಗಣಿತದ ಹುದ್ದೆಯ ಪಾಠಾನೂ ನಾನೇ ಮಾಡಬೇಕು. ಹಗಲಿನ ಅರ್ಧ ಸಮಯ ಆನ್‌ಲೈನ್‌ನಲ್ಲಿ ಮಾಹಿತಿ ತುಂಬೋದಕ್ಕೇ ಹೋಗುತ್ತೆ. ಆ ಹೊತ್ತಿನಲ್ಲಿ ಹತ್ತೇ ಸೆಕೆಂಡಿಗೆ ಇಪ್ಪತ್ತು ಪ್ರಶ್ನೆ ಬರೆದುಕೊಡೋ ‘ಉಚಿತ’ ಸಹಾಯಕನನ್ನ ಯಾರು ಬೇಡ ಅಂತಾರೆ?

ಎಐ ಬೇಡ ಅಂತ ಹೇಳೋಕೆ ಈ ಲೇಖನ ಬರೀತಿಲ್ಲ. ನಾನು ಈಗಲೂ ಬಳಸ್ತೀನಿ. ಆದರೆ ನಮ್ಮ ವಾಟ್ಸಾಪ್ ಗ್ರೂಪ್‌ಗಳಿಗೆ ದಿನಾ ಬಂದು ಬೀಳುವ ‘ಶಿಕ್ಷಕರಿಗಾಗಿ ಉಚಿತ ಟೂಲ್‌ಗಳು’ ಪಟ್ಟಿಗಳಲ್ಲಿ ಒಂದು ಪ್ರಶ್ನೆ ಮಾತ್ರ ಇರೋದೇ ಇಲ್ಲ: ಉಚಿತ ಅಂದ್ರೆ ಯಾವ ಉಚಿತ?

ಮೂರು ಬಗೆಯ ಉಚಿತ

ಮೊದಲನೆಯದು ಕಂಪನಿಯ ಉಚಿತ. ಚಾಟ್‌ಬಾಟ್‌ಗಳು, ಸ್ಲೈಡ್ ಮಾಡಿಕೊಡುವ ಆ್ಯಪ್‌ಗಳು, ಕ್ವಿಜ್ ತಾಣಗಳು ಇಲ್ಲಿ ಬರುತ್ತವೆ. ಇವತ್ತು ದುಡ್ಡಿಲ್ಲ. ನಾಳೆಯ ಬಗ್ಗೆ ಯಾರೂ ಮಾತು ಕೊಟ್ಟಿಲ್ಲ. ದಿನಕ್ಕಿಷ್ಟು ಅಂತ ಮಿತಿ ಇರುತ್ತೆ, ಮಿತಿ ದಾಟಿದರೆ ಚಂದಾ ಕೇಳುತ್ತೆ.

ಎರಡನೆಯದು ಸರ್ಕಾರದ ಉಚಿತ. 2017ರಲ್ಲಿ ಶುರುವಾದ ದೀಕ್ಷಾ ವೇದಿಕೆ, ಎನ್‌ಸಿಇಆರ್‌ಟಿಯ ಇ-ಪಾಠಶಾಲಾ, ಭಾರತೀಯ ಭಾಷೆಗಳ ಅನುವಾದಕ್ಕೆ 2022ರಲ್ಲಿ ಬಂದ ಭಾಷಿಣಿ ಈ ಸಾಲಿನವು. ಇವಕ್ಕೆ ನಮ್ಮ ತೆರಿಗೆಯಿಂದಲೇ ದುಡ್ಡು ಹೋಗಿದೆ, ಹಾಗಾಗಿ ಇದು ದಾನ ಅಲ್ಲ, ನಮ್ಮದೇ ಆಸ್ತಿ.

ಮೂರನೆಯದು ಮುಕ್ತ ಸಂಪನ್ಮೂಲ. ಇಲ್ಲಿ ಬೆಲೆ ಮಾತ್ರವಲ್ಲ, ಹಕ್ಕೂ ಮುಖ್ಯ. ನಕಲು ಮಾಡಬಹುದು, ಬದಲಿಸಬಹುದು, ಇನ್ನೊಬ್ಬರಿಗೆ ಕೊಡಬಹುದು ಅಂತ ಪರವಾನಗಿಯಲ್ಲೇ ಬರೆದಿರುತ್ತೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಒಳ್ಳೆಯ ಉದಾಹರಣೆ. ಅಲ್ಲಿನ ಕಥೆಯನ್ನು ನನ್ನ ಊರಿನ ಮಾತಿಗೆ ಬದಲಿಸಿ, ಪ್ರಿಂಟ್ ತೆಗೆದು ಮಕ್ಕಳಿಗೆ ಕೊಟ್ಟರೆ ಯಾರ ಅಪ್ಪಣೆಯೂ ಬೇಡ, ಬರೆದವರ ಹೆಸರು ಹಾಕಿದರೆ ಸಾಕು. ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಜೊತೆಗೂಡಿ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ವಿಕಿಯೂ ಇದೇ ಜಾತಿಯದು. ಅದರಲ್ಲಿ ನಮ್ಮದೇ ಸರ್ಕಾರಿ ಶಾಲೆಗಳ ಶಿಕ್ಷಕರು ಕನ್ನಡದಲ್ಲಿ ಬರೆದ ಪಾಠ ಸಾಮಗ್ರಿ ಇದೆ. ಎಐ ಅಂತ ಓಡುವ ಎಷ್ಟೋ ಜನ ಇದನ್ನು ಒಮ್ಮೆಯೂ ತೆರೆದು ನೋಡಿಲ್ಲ.

ಜಿಯೋಜೀಬ್ರಾ ಹೇಳುವ ಪಾಠ

ಈ ವ್ಯತ್ಯಾಸ ಬರೀ ಸಿದ್ಧಾಂತ ಅನ್ನಿಸಬಹುದು. ಹಾಗಾದ್ರೆ ಗಣಿತ ಶಿಕ್ಷಕರೆಲ್ಲ ಬಲ್ಲ ಜಿಯೋಜೀಬ್ರಾ ಕಥೆ ಕೇಳಿ. 2001ರಲ್ಲಿ ಆಸ್ಟ್ರಿಯಾದ ವಿದ್ಯಾರ್ಥಿ ಮಾರ್ಕಸ್ ಹೋಹೆನ್‌ವಾರ್ಟರ್ ತನ್ನ ಸ್ನಾತಕೋತ್ತರ ಅಧ್ಯಯನದ ಭಾಗವಾಗಿ ಅದನ್ನು ಶುರುಮಾಡಿದರು. ಜಗತ್ತಿನಾದ್ಯಂತ ಶಿಕ್ಷಕರು ಸಾಮಗ್ರಿ ಸೇರಿಸಿ ಬೆಳೆಸಿದರು. ತ್ರಿಭುಜದ ಒಂದು ಶೃಂಗವನ್ನು ಮೌಸ್‌ನಿಂದ ಎಳೆದರೆ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತೆ. ಪ್ರಮೇಯವನ್ನು ಬಾಯಿಪಾಠ ಮಾಡಿದ್ದ ಮಗು ಅದನ್ನು ಕಣ್ಣಾರೆ ನೋಡುತ್ತೆ.

2021ರ ಡಿಸೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಬೈಜೂಸ್ ಕಂಪನಿ ಜಿಯೋಜೀಬ್ರಾವನ್ನು ಕೊಂಡಿತು. 2024ರ ಜುಲೈನಲ್ಲಿ ಅದೇ ಬೈಜೂಸ್ ವಿರುದ್ಧ ಬೆಂಗಳೂರಿನ ಎನ್‌ಸಿಎಲ್‌ಟಿಯಲ್ಲಿ ದಿವಾಳಿ ಪ್ರಕ್ರಿಯೆ ಶುರುವಾಯಿತು. ಜಿಯೋಜೀಬ್ರಾ ಶಾಲೆಗಳಿಗೆ ಉಚಿತವಾಗಿಯೇ ಉಳಿದಿದೆ, ಸಂತೋಷ. ಆದರೆ ಲಕ್ಷಾಂತರ ಶಿಕ್ಷಕರು ದಿನನಿತ್ಯ ಬಳಸುವ ಸಾಧನದ ಮಾಲೀಕತ್ವ ಒಂದು ಕಂಪನಿಯ ಸಾಲದ ಲೆಕ್ಕಕ್ಕೆ ಅಂಟಿಕೊಂಡಿತ್ತು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಇದರಿಂದ ನಾನು ಒಂದು ಸರಳ ಪರೀಕ್ಷೆ ಕಲಿತೆ. ಈ ಟೂಲನ್ನು ಪೆನ್‌ಡ್ರೈವ್‌ಗೆ ಹಾಕಿ ಪಕ್ಕದ ಶಾಲೆಯ ಮೇಷ್ಟ್ರಿಗೆ ಕೊಡೋಕಾಗುತ್ತಾ? ಇಂಟರ್ನೆಟ್ ಇಲ್ಲದೆ ಅದು ಓಡುತ್ತಾ? ಎರಡಕ್ಕೂ ಹೌದು ಅಂದ್ರೆ ಅದು ನನ್ನ ಕೈಯಲ್ಲಿದೆ. ಇಲ್ಲ ಅಂದ್ರೆ ನಾನು ಅದರ ಕೈಯಲ್ಲಿದ್ದೇನೆ.

ಜಿಯೋಜೀಬ್ರಾದ ಆಫ್‌ಲೈನ್ ಆವೃತ್ತಿ ಈ ಪರೀಕ್ಷೆ ಪಾಸು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ಸಿಮ್ಯುಲೇಶನ್‌ಗಳೂ ಪಾಸು. ಒಂದೊಂದು ಪ್ರಯೋಗವೂ ಒಂದೇ ಫೈಲ್, ಬ್ರೌಸರ್ ಇದ್ದರೆ ಸಾಕು. ನಮ್ಮ ಲ್ಯಾಬ್‌ನಲ್ಲಿ ಅಮ್ಮೀಟರ್ ಕೆಟ್ಟು ಎರಡು ವರ್ಷವಾಯ್ತು. ಆದರೂ ಮಕ್ಕಳು ಫೆಟ್‌ನಲ್ಲಿ ಬ್ಯಾಟರಿ, ಬಲ್ಬು, ತಂತಿ ಜೋಡಿಸಿ ಓಮ್‌ನ ನಿಯಮ ನೋಡ್ತಾರೆ. ವಿಕಿಪೀಡಿಯಾವನ್ನು ಇಡಿಯಾಗಿ ಆಫ್‌ಲೈನ್ ಓದಲು ಕಿವಿಕ್ಸ್ ಇದೆ. 2023-24ರ ಯುಡೈಸ್ ಪ್ಲಸ್ ವರದಿ ಪ್ರಕಾರ ದೇಶದ ಶಾಲೆಗಳಲ್ಲಿ ಇಂಟರ್ನೆಟ್ ಇದ್ದದ್ದು ಶೇ. 53.9ರಷ್ಟರಲ್ಲಿ ಮಾತ್ರ. ಉಳಿದ ಶಾಲೆಗಳಿಗೆ ಆಫ್‌ಲೈನ್ ಅನ್ನೋದೇ ಮುಖ್ಯ ದಾರಿ.

ಎಐಗೆ ಕನ್ನಡ ಯಾಕೆ ಕಷ್ಟ?

ಈಗ ನನ್ನ ತಪ್ಪಿನ ವಿಚಾರಕ್ಕೆ ಬರ್ತೀನಿ. ಚಾಟ್‌ಬಾಟ್ ಹಿಂದಿರುವ ಭಾಷಾ ಮಾದರಿ ನಮ್ಮ ಹಾಗೆ ಪದ ಓದೋದಿಲ್ಲ. ವಾಕ್ಯವನ್ನು ‘ಟೋಕನ್’ ಅನ್ನುವ ತುಂಡುಗಳಾಗಿ ಒಡೆದು, ಮುಂದೆ ಯಾವ ತುಂಡು ಬರುವ ಸಾಧ್ಯತೆ ಹೆಚ್ಚು ಅಂತ ಲೆಕ್ಕ ಹಾಕುತ್ತೆ. ಇಂಗ್ಲಿಷಿನ ಸಾಮಾನ್ಯ ಪದವೊಂದು ಬಹುತೇಕ ಒಂದೇ ತುಂಡು. ವಿಭಕ್ತಿ, ಪ್ರತ್ಯಯ ಅಂಟಿಸಿಕೊಂಡು ಉದ್ದವಾಗುವ ಕನ್ನಡದ ಪದ ಹಲವು ತುಂಡುಗಳಾಗಿ ಒಡೆಯುತ್ತೆ. ಹಾಗಾಗಿ ಅದೇ ವಿಷಯವನ್ನು ಕನ್ನಡದಲ್ಲಿ ಕೇಳಿದರೆ ಹೆಚ್ಚು ಟೋಕನ್ ಖರ್ಚು, ಉಚಿತ ಮಿತಿ ಬೇಗ ಖಾಲಿ. ಇಂಗ್ಲಿಷ್ ಮಾಧ್ಯಮದ ಶಿಕ್ಷಕರಿಗೆ ಸಿಗುವ ‘ಉಚಿತ’ ನಮಗಿಂತ ದೊಡ್ಡದು ಅಂತಾಯ್ತಲ್ಲ.

ಇನ್ನೊಂದು ಕಾರಣ, ಮಾದರಿ ಕಲಿಯುವುದು ಅಂತರ್ಜಾಲದಲ್ಲಿರುವ ಬರಹದಿಂದ. ಅಲ್ಲಿ ಕನ್ನಡ ಕಡಿಮೆ, ಪಠ್ಯಪುಸ್ತಕದ ವಿಜ್ಞಾನ ಪರಿಭಾಷೆ ಇನ್ನೂ ಕಡಿಮೆ. ನಿಮ್ನ, ಪೀನ ಎರಡೂ ಒಂದೇ ಬಗೆಯ ವಾಕ್ಯಗಳಲ್ಲಿ ಬರುವ ಪದಗಳು. ಯಾವುದು ಎಲ್ಲಿ ಅನ್ನೋದನ್ನು ಗಟ್ಟಿ ಮಾಡುವಷ್ಟು ಬರಹ ಇಲ್ಲದಿದ್ದರೆ ಅದಲುಬದಲಾಗೋದು ಸಹಜ. ಕಷ್ಟ ಏನಂದ್ರೆ, ತಪ್ಪು ಹೇಳುವಾಗಲೂ ಅದರ ದನಿ ಸರಿ ಹೇಳುವಾಗಿನಷ್ಟೇ ಗಟ್ಟಿಯಾಗಿರುತ್ತೆ.

ಪಠ್ಯಪುಸ್ತಕದ ಪಾಠವನ್ನೇ ಎಐಗೆ ಕೊಟ್ಟು ‘ಇದರಲ್ಲಿ ಇರೋದನ್ನಷ್ಟೇ ಬಳಸು’ ಅಂತ ಹೇಳಿದರೆ ತಪ್ಪು ಬಹಳ ಕಡಿಮೆಯಾಗುತ್ತೆ. ಆದರೆ ಇಲ್ಲೂ ಒಂದು ತೊಡಕಿದೆ. ಕನ್ನಡದ ಬಹಳಷ್ಟು ಹಳೆಯ ಪಿಡಿಎಫ್‌ಗಳು ಯೂನಿಕೋಡ್‌ನಲ್ಲಿ ಇಲ್ಲ. ಕಾಪಿ ಮಾಡಿ ಅಂಟಿಸಿದರೆ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಕನ್ನಡವನ್ನು ಎಐ ಕಾಲಕ್ಕೆ ಸಜ್ಜುಗೊಳಿಸ್ತೀವಿ ಅಂತ ಭಾಷಣ ಮಾಡುವವರು ಮೊದಲು ಎಲ್ಲ ಪಠ್ಯಪುಸ್ತಕಗಳನ್ನೂ ಮುಕ್ತ ಪರವಾನಗಿಯಲ್ಲಿ, ಯೂನಿಕೋಡ್‌ನಲ್ಲಿ ಕೊಡಲಿ. ಅದಕ್ಕೆ ದೊಡ್ಡ ಬಜೆಟ್ಟೇನೂ ಬೇಡ.

ನಾನೀಗ ಎಐಯನ್ನು ಕರಡು ಬರೆಯೋಕೆ ಮಾತ್ರ ಬಳಸ್ತೀನಿ. ಪಾಠಯೋಜನೆಯ ಅಸ್ಥಿಪಂಜರ, ಒಂದೇ ಲೆಕ್ಕದ ಐದು ರೂಪಗಳು, ಕಷ್ಟದ ಪ್ಯಾರಾವನ್ನು ಸರಳ ಮಾಡೋದು, ಇಂಥವಕ್ಕೆ ಅದು ಚೆನ್ನಾಗಿದೆ. ಕೀ ಉತ್ತರ ಮಾತ್ರ ನಾನೇ ಬರೀತೀನಿ. ಅದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತೆ, ಹಿಡೀಲಿ.

ಮಕ್ಕಳ ಹೆಸರು ಯಾರಿಗೂ ಇಲ್ಲ

ಇನ್ನೊಂದು ಗೆರೆ ಹಾಕಿಕೊಂಡಿದ್ದೇನೆ. ಮಕ್ಕಳ ಹೆಸರು, ಅಂಕ, ಜಾತಿ, ಫೋಟೋ, ಉತ್ತರಪತ್ರಿಕೆಯ ಚಿತ್ರ ಯಾವ ಚಾಟ್‌ಬಾಟ್‌ಗೂ ಕೊಡಲ್ಲ. ‘ಈ 40 ಮಕ್ಕಳ ಅಂಕ ನೋಡಿ ದುರ್ಬಲರನ್ನು ಗುರುತಿಸು’ ಅಂತ ಪಟ್ಟಿಯನ್ನೇ ಹಾಕುವ ಸಹೋದ್ಯೋಗಿಗಳಿದ್ದಾರೆ. ಅವರದ್ದು ಒಳ್ಳೆಯ ಉದ್ದೇಶವೇ. ಆದರೆ ಆ ಮಾಹಿತಿ ಎಲ್ಲಿಗೆ ಹೋಯಿತು, ಎಷ್ಟು ದಿನ ಉಳಿಯಿತು ಅಂತ ಆ ಮಗುವಿನ ತಾಯಿ ಕೇಳಿದರೆ ನಮ್ಮ ಹತ್ತಿರ ಉತ್ತರ ಇಲ್ಲ.

ಇದು ಅತಿಯಾದ ಭಯ ಅಲ್ಲ. ಕೋವಿಡ್ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಅನುಮೋದಿಸಿದ 164 ಶಿಕ್ಷಣ ಉತ್ಪನ್ನಗಳನ್ನು ಹ್ಯೂಮನ್ ರೈಟ್ಸ್ ವಾಚ್ ಪರಿಶೀಲಿಸಿ 2022ರಲ್ಲಿ ವರದಿ ಕೊಟ್ಟಿತು. ಶೇ. 89ರಷ್ಟು ಉತ್ಪನ್ನಗಳ ದತ್ತಾಂಶ ಬಳಕೆ ಮಕ್ಕಳ ಹಕ್ಕುಗಳಿಗೆ ಅಪಾಯ ತರುವಂತಿತ್ತು. ಸರ್ಕಾರದ್ದಾದರೆ ಸುರಕ್ಷಿತ ಅನ್ನೋ ಹಾಗೂ ಇಲ್ಲ. ದೀಕ್ಷಾದ ಸರ್ವರ್ ಒಂದು ರಕ್ಷಣೆಯಿಲ್ಲದೆ ತೆರೆದುಕೊಂಡಿದ್ದರಿಂದ 10 ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್ ಸಂಖ್ಯೆ, ಇಮೇಲ್ ಬಯಲಾಗಿದ್ದನ್ನು 2023ರಲ್ಲಿ ವೈರ್ಡ್ ಪತ್ರಿಕೆ ವರದಿ ಮಾಡಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ. ನಮ್ಮ ಎಸ್‌ಡಿಎಂಸಿ ಸಭೆಯಲ್ಲಿ ಈ ವಿಷಯ ಒಮ್ಮೆಯೂ ಚರ್ಚೆಗೆ ಬಂದಿಲ್ಲ.

ಹಾಗಾದ್ರೆ ಬಿಲ್ ಯಾರದ್ದು?

ಪಕ್ಕದ ಕೇರಳ ನೋಡಿ. ಅಲ್ಲಿನ ಸಾರ್ವಜನಿಕ ಸಂಸ್ಥೆ ಕೈಟ್ ಶಾಲಾ ಕಂಪ್ಯೂಟರ್‌ಗಳಿಗೆ ಸ್ವತಂತ್ರ ತಂತ್ರಾಂಶವನ್ನೇ ಆಧರಿಸಿದ ವ್ಯವಸ್ಥೆ ಕೊಟ್ಟಿದೆ. 2024ರಲ್ಲಿ 80,000 ಪ್ರೌಢಶಾಲಾ ಶಿಕ್ಷಕರಿಗೆ ಎಐ ತರಬೇತಿ ಕೊಡುವ ಕಾರ್ಯಕ್ರಮ ಶುರುಮಾಡಿತು. ಅಲ್ಲಿ ಎಲ್ಲವೂ ಸರಿಯಿದೆ ಅಂತಲ್ಲ. ಆದರೆ ಟೂಲ್ ಯಾವುದಿರಬೇಕು, ಹೇಗೆ ಬಳಸಬೇಕು ಅನ್ನೋದನ್ನು ಒಂಟಿ ಶಿಕ್ಷಕರ ಮೊಬೈಲ್ ಡೇಟಾಗೆ, ವಾಟ್ಸಾಪ್ ಫಾರ್ವರ್ಡ್‌ಗೆ ಬಿಟ್ಟಿಲ್ಲ.

ನಮ್ಮಲ್ಲಿ ಬಿಲ್ ಹಂಚಿಹೋಗಿದೆ. ಡೇಟಾ ಪ್ಯಾಕ್ ದುಡ್ಡು ಅತಿಥಿ ಶಿಕ್ಷಕನ ಗೌರವಧನದಿಂದ ಹೋಗುತ್ತೆ. ತಪ್ಪು ಉತ್ತರದ ಬೆಲೆ ಮಕ್ಕಳ ಅಂಕದಲ್ಲಿ ಕಟ್ ಆಗುತ್ತೆ. ಸಾವಿರಾರು ಹುದ್ದೆ ಖಾಲಿ ಬಿಟ್ಟು ‘ಎಐ ಇದೆಯಲ್ಲ’ ಅನ್ನೋ ಮಾತು ಶುರುವಾದರೆ ದೊಡ್ಡ ಬಿಲ್ ಬರೋದು ಆಗ. ಎಐ ಶಿಕ್ಷಕರ ಕೈಗೆ ಬರಲಿ, ಖಾಲಿ ಕುರ್ಚಿಗೆ ಬೇಡ.

ಮಾರ್ಚ್ ಮುಗಿದರೆ ನನ್ನ ಅವಧಿಯೂ ಮುಗಿಯುತ್ತೆ. ಚಾಟ್‌ಬಾಟ್ ಖಾತೆ, ಅದರಲ್ಲಿರುವ ಎಲ್ಲ ಪಾಠಯೋಜನೆ ನನ್ನ ಜೊತೆ ಹೋಗುತ್ತವೆ. ಹಾಗಾಗಬಾರದು ಅಂತ ಒಂದು 32 ಜಿಬಿ ಪೆನ್‌ಡ್ರೈವ್ ಮಾಡಿ ಎಚ್‌ಎಂ ಬೀರುವಿನಲ್ಲಿ ಇಟ್ಟಿದ್ದೇನೆ. ಜಿಯೋಜೀಬ್ರಾ, ಫೆಟ್ ಫೈಲ್‌ಗಳು, ಕಥೆಗಳು, ನಾನು ತಿದ್ದಿದ ಪ್ರಶ್ನೆಪತ್ರಿಕೆಗಳು ಅದರಲ್ಲಿವೆ. ದರ್ಪಣದ ಪ್ರಶ್ನೆಯ ಮುಂದೆ ಸರಿ ಉತ್ತರ ಹಾಕಿ, ಕೆಳಗೆ ಆ ಹುಡುಗಿ ಕೊಟ್ಟ ಟಾಟಾ ಏಸ್ ಕಾರಣವನ್ನೂ ಬರೆದಿದ್ದೇನೆ. ಮುಂದಿನ ವರ್ಷ ಬರೋ ಮೇಷ್ಟ್ರಿಗೆ ಪಾಠ ಮಾಡೋಕೆ ಅನುಕೂಲ ಆಗುತ್ತೆ.