ಜೋಶಿ ಮಾಸ್ತರರ ಮಗ

ಮಕ್ಕಳು ಹಾಡಿದರೆ ನಾವೆಲ್ಲರೂ ಸಂತೋಷಪಡುತ್ತೇವೆ. ಹಾಡನ್ನೇ ಬದುಕಾಗಿಸಿಕೊಳ್ಳುತ್ತೇವೆಂದು ಹೊರಟರೆ ಮಾತ್ರ ಗಾಬರಿಗೊಳ್ಳುತ್ತೇವೆ. ಹದಿಹರೆಯದ ಹಂಬಲವು ಹುಚ್ಚೋ ಹಸಿವೋ ಎಂಬುದನ್ನು ತೂಗಿ ನೋಡುವ ತಕ್ಕಡಿ ಯಾವ ತಂದೆಯ ಕೈಯಲ್ಲಿಯೂ ಇಲ್ಲ. ಈ ಮಾತು ಬಂದಾಗಲೆಲ್ಲ ನನಗೆ ಪಂಡಿತ ಭೀಮಸೇನ ಜೋಶಿಯವರಿಗಿಂತ ಮೊದಲು ಅವರ ತಂದೆ ಗುರುರಾಜ ಜೋಶಿಯವರು ನೆನಪಾಗುತ್ತಾರೆ.

ಗುರುರಾಜರು ಗದಗಿನ ಶಾಲಾಮಾಸ್ತರರು. ಮುಂದೆ ಹದಿನಾರು ಮಕ್ಕಳಿಗೆ ಬೆಳೆದ ಆ ಸಂಸಾರದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನನೇ ಹಿರಿಯ. ಬೀದಿಯಲ್ಲಿ ಭಜನೆಯ ಮೇಳ ಹೊರಟರೆ ಹುಡುಗ ಅದರ ಬೆನ್ನು ಹತ್ತುವನು; ದಣಿದಲ್ಲಿಯೇ ಮಲಗಿಬಿಡುವನು. ಹುಡುಕಿ ಬೇಸತ್ತ ತಂದೆ, ಕಂಡವರು ಮನೆ ಮುಟ್ಟಿಸಲೆಂದು, ಅವನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದರಂತೆ.

ಅಂಗಿಯ ಬರಹದಿಂದ ಹಂಬಲ ನಿಂತೀತೆ? ಅಬ್ದುಲ್ ಕರೀಂ ಖಾನರು ಝಿಂಝೋಟಿಯಲ್ಲಿ ಹಾಡಿದ ಠುಮ್ರಿಯ ಧ್ವನಿಮುದ್ರಿಕೆಯೊಂದು ಆ ಬಾಲಕನನ್ನು ಸೆರೆಹಿಡಿಯಿತು. 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಅವನು ಗುರುವನ್ನರಸಿ ಮನೆ ಬಿಟ್ಟನು. ಗ್ವಾಲಿಯರಿನಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನರ ನೆರವಿನಿಂದ ಮಾಧವ ಸಂಗೀತ ವಿದ್ಯಾಲಯ ಸೇರಿದನು. ಆಮೇಲೆ ಉತ್ತರದ ಊರೂರು ಅಲೆದಾಟ. ಕೊನೆಗೆ ತಂದೆ ಅವನನ್ನು ಪತ್ತೆಹಚ್ಚಿದ್ದು ದೂರದ ಜಲಂಧರದಲ್ಲಿ.

ಮಾಸ್ತರರ ದೊಡ್ಡತನವನ್ನು ನಾನು ಕಾಣುವುದು ಇಲ್ಲಿಂದ ಮುಂದೆ. ಮನೆಗೆ ತಂದ ಮಗನನ್ನು ಅವರು ಪಾಠಪುಸ್ತಕಕ್ಕೆ ಕಟ್ಟಿಹಾಕಲಿಲ್ಲ. ಅರಸಿದ ಗುರು ನೆರೆಯ ಕುಂದಗೋಳದಲ್ಲಿಯೇ ಇದ್ದರು: ಅದೇ ಕರೀಂ ಖಾನರ ಶಿಷ್ಯ, ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರರು. 1936ರಲ್ಲಿ ಹುಡುಗ ಅವರ ಮನೆ ಸೇರಿದನು. ನೀರು ಹೊರುವುದೇ ಮೊದಲಾದ ಚಾಕರಿ ಮುಗಿದ ಮೇಲೆ ಪಾಠ. ವರ್ಷಗಟ್ಟಲೆ ತೋಡಿ, ಮುಲ್ತಾನಿ, ಪೂರಿಯಾ ಈ ಮೂರೇ ರಾಗಗಳ ಸಾಧನೆ. ಓಡಿಹೋಗಲು ಬಲ್ಲ ಹುಡುಗ ಅಲ್ಲಿಂದ ಓಡಲಿಲ್ಲ.

ಅಲ್ಲಿ ಅವನಿಗೆ ದೊರೆತ ಸಹಪಾಠಿ, ವಯಸ್ಸಿನಲ್ಲಿ ಒಂಬತ್ತು ವರ್ಷ ಹಿರಿಯರಾದ ಗಂಗೂಬಾಯಿ ಹಾನಗಲ್. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದ ಸಂಸಾರವಂದಿಗರು ಅವರು. ಅವರ ಹಿಂದೆಯೂ ಒಂದು ತ್ಯಾಗವುಂಟು. ಮಗಳು ಹಿಂದುಸ್ತಾನಿ ಕಲಿಯತೊಡಗಿದಾಗ, ಅವಳ ಕಿವಿಗೆ ಬೇರೆ ಪದ್ಧತಿ ಬೀಳಬಾರದೆಂದು, ಕರ್ನಾಟಕ ಸಂಗೀತದ ಗಾಯಕಿಯಾಗಿದ್ದ ತಾಯಿ ಅಂಬಾಬಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು. ಈ ಗುರುಬಂಧುಗಳ ಸ್ನೇಹ ಕೊನೆಯವರೆಗೂ ಬಾಡಲಿಲ್ಲ. ನಿಜವಾದ ಕಿರಾಣಾ ಘರಾಣೆ ಬಾಯಿಯವರದು, ತಮ್ಮದು ಎಲ್ಲ ಸರಕನ್ನೂ ಇಡಬೇಕಾದ ಕಿರಾಣಿ ಅಂಗಡಿ ಎಂದು ಭೀಮಸೇನರು ವಿನೋದ ಮಾಡುತ್ತಿದ್ದುದು ಪ್ರಸಿದ್ಧವಾಗಿದೆ.

1941ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಅವರು ಮೊದಲ ಕಚೇರಿ ನಡೆಸಿದರು; 2008ರಲ್ಲಿ ಭಾರತರತ್ನ ಅವರನ್ನರಸಿ ಬಂದಿತು. ಆದರೆ 1936ರ ತಂದೆಗೆ ಇದಾವುದೂ ಗೊತ್ತಿರಲಿಲ್ಲ. ಅಲೆದು ಸೊರಗಿದ ಮಗನೊಬ್ಬ, ತುಂಬಿದ ಮನೆ, ಮಾಸ್ತರಿಕೆಯ ಸಂಬಳ: ಕಣ್ಣೆದುರಿಗಿದ್ದುದು ಇಷ್ಟೇ. ಇಷ್ಟರಲ್ಲಿಯೇ ಅವರು ಹುಡುಗನನ್ನು ನಂಬಿದರು. ಹಾಗೆ ನಂಬಿದವರ ಮಕ್ಕಳೆಲ್ಲರೂ ಭೀಮಸೇನರಾಗುವುದಿಲ್ಲವೆಂಬುದು ನಿಜ. ಆದರೂ ಮೂರು ವರ್ಷದ ಹಸಿವು ಅಲೆದಾಟಗಳಲ್ಲಿಯೂ ಆರದ ಹಂಬಲಕ್ಕೆ ಹಿರಿಯರು ಕೊಡಬಹುದಾದದ್ದು ಒಬ್ಬ ತಕ್ಕ ಗುರುವನ್ನು. ಉಪಾಧ್ಯಾಯರಾದ ನಮ್ಮವರು ಇದನ್ನು ಮನಗಾಣಬೇಕು.