ಕಲ್ಯಾಣದ ಹೆಬ್ಬಾಗಿಲು

ದಾರಿಯ ಊರಿಗೆ ಲೋಕದಲ್ಲಿ ಮರ್ಯಾದೆ ಕಡಿಮೆ. ಪೂರ್ವ ಆಫ್ರಿಕದ ವನ್ಯಮೃಗಗಳನ್ನು ನೋಡಹೊರಟವರು ಮೇರು ಪರ್ವತದ ಬುಡದಲ್ಲಿರುವ ಅರುಷಾ ಪಟ್ಟಣದಲ್ಲಿ ಒಂದಿರುಳು ತಂಗಿ, ಬೆಳಗಾಗುತ್ತಲೇ ಸೆರೆಂಗೆಟಿಯ ಕಡೆಗೆ ಹೊರಟುಬಿಡುವರು. ನಮ್ಮ ಬೀದರ ಜಿಲ್ಲೆಯ ಹುಮನಾಬಾದಿನ ಪಾಡೂ ಇದೇ. ಸಮುದ್ರಮಟ್ಟದಿಂದ ಸುಮಾರು 2000 ಅಡಿ ಎತ್ತರದ ಈ ಸೀಮೆಯಲ್ಲಿ, ಹೈದರಾಬಾದು-ಸೊಲ್ಲಾಪುರದ ಹೆದ್ದಾರಿ ಹಿಡಿದವರು ಇಲ್ಲಿ ಚಹ ಕುಡಿದು ಮುಂದೆ ಸಾಗುವರು. 2017ರಲ್ಲಿ ಬೀದರ-ಕಲಬುರಗಿ ರೈಲುದಾರಿ ಪೂರ್ಣವಾದಂದಿನಿಂದ ಇಲ್ಲಿಗೆ ಬರುವುದು ಇನ್ನೂ ಸುಲಭವಾಗಿದೆ. ಇಳಿದು ನೋಡುವವರು ಮಾತ್ರ ವಿರಳ.

ಇಳಿದವರಿಗೆ ನಷ್ಟವಿಲ್ಲ. ಊರೊಳಗೆ ವೀರಭದ್ರೇಶ್ವರನ ಗುಡಿಯುಂಟು. ಮಗ್ಗುಲಲ್ಲಿಯೇ ಮಾಣಿಕಪ್ರಭುಗಳ (1817-1865) ಮಾಣಿಕನಗರವುಂಟು. ಇದೇ ತಾಲ್ಲೂಕಿನ ಜಲಸಂಗ್ವಿಯಲ್ಲಿ ಚಾಲುಕ್ಯರ ಕಾಲದ ಶಿವಾಲಯವಿದೆ. ಅದರ ಹೊರಗೋಡೆಯ ಮದನಿಕೆಯರಲ್ಲಿ ಒಬ್ಬಳು ನಿಂತು ಬರೆಯುತ್ತಿರುವಳು. ಆಕೆ ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶಾಸನ. ಒಂಬೈನೂರು ವರ್ಷಗಳ ಹಿಂದೆಯೇ ನಮ್ಮ ಶಿಲ್ಪಿಯು ಹೆಣ್ಣಿನ ಕೈಗೆ ಬರೆವಣಿಗೆಯನ್ನು ಕೊಟ್ಟಿದ್ದನು.

ಆ ವಿಕ್ರಮಾದಿತ್ಯನು 1076ರಿಂದ 1126ರ ವರೆಗೆ ಆಳಿದ ರಾಜಧಾನಿಯೇ ಕಲ್ಯಾಣ, ಇಂದಿನ ಬಸವಕಲ್ಯಾಣ. ಕೋಟೆ ಇಂದಿಗೂ ನಿಂತಿದೆ. ಆದರೆ ಈ ಊರಿನಿಂದ ಹೊರಟು ನಮ್ಮ ನಿಮ್ಮ ಮನೆಗಳ ಒಳಗೆ ಬಂದುದು ಬೇರೊಂದು ವಸ್ತು. ವಿಜ್ಞಾನೇಶ್ವರನು ಇಲ್ಲಿ ಕುಳಿತು ಯಾಜ್ಞವಲ್ಕ್ಯಸ್ಮೃತಿಗೆ ಬರೆದ 'ಮಿತಾಕ್ಷರಾ' ವ್ಯಾಖ್ಯಾನವು ಬಂಗಾಳದಂತಹ ಕೆಲವು ಪ್ರಾಂತಗಳನ್ನುಳಿದು ಭರತಖಂಡದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿಯ ಪಾಲನ್ನು ನಿರ್ಣಯಿಸಿತು. ಸ್ತ್ರೀಧನದ ವಿಷಯದಲ್ಲಿ ಆತನ ಅರ್ಥ ಉದಾರವಾದುದು. ಪಿತ್ರಾರ್ಜಿತದಲ್ಲಿ ಮಾತ್ರ ಹುಟ್ಟಿನಿಂದಲೇ ಬರುವ ಹಕ್ಕು ಗಂಡುಮಕ್ಕಳದಾಯಿತು. ಆ ಹಕ್ಕು ದೇಶದಾದ್ಯಂತ ಹೆಣ್ಣುಮಕ್ಕಳಿಗೂ ಸಮನಾಗಿ ದೊರೆತುದು 2005ರ ತಿದ್ದುಪಡಿಯಿಂದ.

ಇದೇ ಊರಿನಲ್ಲಿ ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಮಂತ್ರಿಯಾಗಿದ್ದರು. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳೆದುರು ಅಕ್ಕಮಹಾದೇವಿಯು ನಿಂತು ವಾದಿಸಿದಳೆಂದು ಶರಣರ ಕಥೆಗಳು ಹೇಳುತ್ತವೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಯಿಂದ ರಾಜಕೋಪವೆದ್ದು, ಶರಣರು ಊರು ಬಿಡಬೇಕಾಯಿತೆಂಬುದೂ ಆ ಕಥೆಗಳ ಮಾತೇ. ಹೀಗೆ ಮನೆಯ ಪಾಲನ್ನು ಹಂಚಿದ ಊರೂ ಇದೇ, ಹುಟ್ಟಿನ ಮೇಲುಕೀಳನ್ನು ಪ್ರಶ್ನಿಸಿದ ಊರೂ ಇದೇ.

ಗೃಹಸ್ಥರು ಚಳಿಗಾಲದಲ್ಲಿ ಎರಡು ದಿನ ಬಿಡುವು ಮಾಡಿಕೊಂಡು ಈ ಸೀಮೆಗೆ ಬರಬೇಕು. ಹೆಣ್ಣುಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರಬಾರದು. ಜಲಸಂಗ್ವಿಯ ಗೋಡೆಯಲ್ಲಿ ಬರೆಯುವವಳನ್ನು ಅವರು ಕಣ್ಣಾರೆ ಕಾಣಲಿ. ಮುಂದೆ ಮನೆಯಲ್ಲಿ ಪಾಲಿನ ಪತ್ರ ಬರೆಯುವ ದಿನ ಬಂದಾಗ, ಅವರ ಹೆಸರೂ ಅದರಲ್ಲಿರಲಿ.