ಕಾಳಿಯ ಕಲ್ಲು

ಸುಗ್ಗಿ ಮುಗಿದ ಮೇಲೆ ನಮ್ಮ ಗುಡೂರಿನ ಸುತ್ತಣ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿಹಿಂಡುಗಳನ್ನು ನಿಲ್ಲಿಸುವ ರೂಢಿಯುಂಟು. ಒಂದು ಸಂಜೆ ನಾನು ಅಡ್ಡಾಡುತ್ತ ಅಂಥದೊಂದು ಹಿಂಡಿನ ಬಳಿ ಹೋದಾಗ, ವೃದ್ಧನಾದ ಕುರುಬನೊಬ್ಬನು ಬುತ್ತಿ ಬಿಚ್ಚಿ, ಮೊದಲ ರೊಟ್ಟಿಯನ್ನು ತನ್ನ ನಾಯಿಗೆ ಹಾಕಿದುದನ್ನು ಕಂಡೆನು. ಕಾರಣವನ್ನು ಕೇಳಲು, “ರಾತ್ರಿಯೆಲ್ಲ ಎಚ್ಚರ ಇರೂದು ಅದರೀ, ಮಾಸ್ತರ, ನಾವು ಮಕ್ಕೊಂಡಿರ್ತೀವಿ. ತೋಳ ಬಂದ್ರ ಮೊದಲ ಎದುರು ನಿಲ್ಲೂದೂ ಅದ” ಎಂದನು.

ಈ ಮಾತನ್ನು ಕೇಳಿ ನನಗೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ನೆನಪಾಯಿತು. ಕ್ರಿ. ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಘೋರವಾದ ಯುದ್ಧವಾಯಿತಷ್ಟೆ. ಕೃಷ್ಣನ ಪಕ್ಷದಲ್ಲಿದ್ದ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಅಲ್ಲಿ ಕೊಂದನು. ಆ ಕಾಳಗದಲ್ಲಿ ತನ್ನ ಸೇವಕನಾದ ಮಣಲೆರನು ತೋರಿದ ಶೌರ್ಯಕ್ಕೆ ಬೂತುಗನು ಮೆಚ್ಚಿ, ಬೇಕಾದುದನ್ನು ಬೇಡೆಂದನು. ಮಣಲೆರನು ಹೊನ್ನನ್ನು ಬೇಡಲಿಲ್ಲ. ಅರಸನ ಬೇಟೆನಾಯಿಯಾದ ಕಾಳಿಯನ್ನು ಬೇಡಿದನು! ಮುಂದೆ ಬೇಟೆಯಲ್ಲಿ ಕಾಳಿಯು ಭಾರಿ ಹಂದಿಯೊಂದನ್ನು ಎದುರಿಸಿ ಕಾದಿತು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರನ ಎದುರಿಗೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಡಿಸಿದನು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆಮಾಡದೆ ಉಂಡರೆ ಅವನಿಗೆ ನಾಯಿಯ ಪಾಪವು ತಟ್ಟುವುದೆಂದು ಶಾಸನದಲ್ಲಿಯೇ ಬರೆಯಿಸಿರುವನು. ಸಾವಿರ ವರ್ಷಗಳ ಹಿಂದಿನ ಆ ವೀರನಿಗೂ ನಮ್ಮ ಕುರುಬನಿಗೂ ಊಟದ ವಿಷಯದಲ್ಲಿ ಒಂದೇ ನಿಯಮವಿದ್ದಂತೆ ತೋರುತ್ತದೆ. ಹಂದಿಯೊಡನೆ ಸೆಣಸುವ ಕಾಳಿಯನ್ನು ಕೆತ್ತಿದ ಆ ಶಿಲೆಯನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ.

ಸಂಸ್ಕೃತದಲ್ಲಿ ನಾಯಿಗೆ ಸಾರಮೇಯವೆಂದು ಹೆಸರು. ದೇವಶುನಿಯಾದ ಸರಮೆಯ ಸಂತಾನವೆಂದರ್ಥ. ಧರ್ಮರಾಯನು ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬಾರೆನೆಂದುದನ್ನು ಎಲ್ಲರೂ ಬಲ್ಲರು. ಆದರೆ ಆದಿಪರ್ವದಲ್ಲಿ ಜನಮೇಜಯನ ತಮ್ಮಂದಿರು ಸರಮೆಯ ಮರಿಯನ್ನು ನಿರಪರಾಧವಾಗಿ ಹೊಡೆದುದೂ, “ಏಕೆ ಹೊಡೆದಿರಿ?” ಎಂದು ತಾಯಿಯು ಕೇಳಲು ಉತ್ತರ ತೋಚದೆ ಅವರು ಶಾಪಕ್ಕೆ ಗುರಿಯಾದುದೂ ಅಷ್ಟು ಪ್ರಸಿದ್ಧವಲ್ಲ. ನಾನು ತರಗತಿಯಲ್ಲಿ ಇದನ್ನು ತಪ್ಪದೆ ಹೇಳುತ್ತಿದ್ದೆನು. ನಾಯಿಗೆ ಕಲ್ಲೆಸೆಯುವ ಹುಡುಗರು ಕೆಲವು ದಿನವಾದರೂ ಸುಮ್ಮನಿರುತ್ತಿದ್ದರು.

ನಮ್ಮ ಜಿಲ್ಲೆಯಲ್ಲಿಯೇ ಮುಧೋಳದ ತಳಿಯಿದೆ. ನೀಳ ಮುಖ, ಸಣ್ಣ ನಡು, ಉದ್ದ ಕಾಲು. ಮೂಗಿಗಿಂತ ಕಣ್ಣನ್ನೇ ನಂಬಿ ಓಡುವ ಜಾತಿ. ಇದನ್ನು ಪೋಷಿಸಿದ ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಿತ್ತರು. 2005ರಲ್ಲಿ ಇದರ ಚಿತ್ರವು ಅಂಚೆಚೀಟಿಯ ಮೇಲೆ ಬಂದಿತು; 2016ರಲ್ಲಿ ಭಾರತೀಯ ಸೇನೆಯು ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಕರೆದೊಯ್ದಿತು. ಹೆಮ್ಮೆಯ ಸಂಗತಿಯೇ ಸರಿ. ಆದರೆ ನಾಯಿಯು ತಾನಾಗಿ ದಂಡಿಗೆ ಸೇರಲಾರದು. ಅದನ್ನು ಅಪಾಯಕ್ಕೆ ಕಳುಹಿಸುವವರು ನಾವು. ಕಾಲು ಸೋತ ಮೇಲೆ ಅದನ್ನು ಸಾಕುವವರಾರೆಂಬುದೇ ನನಗೆ ದೊಡ್ಡ ಪ್ರಶ್ನೆಯಾಗಿ ತೋರುತ್ತದೆ.

ಆ ಸಂಜೆ ಕುರುಬನ ಕಂಬಳಿಯ ಮಗ್ಗುಲಲ್ಲಿ ಹಲ್ಲುದುರಿದ ಇನ್ನೊಂದು ಮುದಿನಾಯಿಯು ಮಲಗಿದ್ದಿತು. ಎರಡನೆಯ ರೊಟ್ಟಿಯನ್ನು ಅವನು ಹಾಲಿನಲ್ಲಿ ನೆನೆಯಿಸಿ ಅದರ ಮುಂದಿಟ್ಟು, ಆಮೇಲೆ ತಾನು ಉಣ್ಣಲು ಕುಳಿತನು.